ಒಪ್ಪಿಗೆ ಕೊಟ್ಟವರು

ಗುರುಪಾದ ಸತ್ತು ಇಂದಿಗೆ ಒಂದು ವರ್ಷವೆಂದು ಅವನ ತಂಗಿ ಚಾರಣ ಬಳಗಕ್ಕೆ ಮೇಲ್ ಹಾಕಿದ್ದಳು. ಅವಳೊಬ್ಬಳಿಗೇ ಹೋಗುತ್ತದೆಂದುಕೊಂಡು, ಅಂದು ಗುರುಪಾದನ ಜೊತೆ ಬೆಟ್ಟ ಹತ್ತಿದ್ದ ಗೆಳೆಯ ಎರಡು ಸಾಲು ಉತ್ತರ ಬರೆದ: 'ಗುರುಪಾದ ಕಾಲು ಜಾರಿ ಬೀಳಲಿಲ್ಲ. ಹಗ್ಗ ಬಿಟ್ಟವನು ನಾನೇ.'

ಕಳಿಸಿದ ಮೇಲೆ ನೋಡಿದರೆ, ಬಳಗದ ಇನ್ನೂರು ಜನರಿಗೂ ಹೋಗುವ ವಿಳಾಸ. ಬಳಗದ ಮೇಲ್ ನೋಡಿಕೊಳ್ಳುವ ವನಜಕ್ಕನಿಗೆ ಕೂಡಲೇ ಫೋನ್ ಮಾಡಿದ.

"ಅಕ್ಕಾ, ಈಗೊಂದು ಮೇಲ್ ತಪ್ಪಿ ಹೋಯ್ತು. ದಯವಿಟ್ಟು ಓದದೆ ಅಳಿಸಿಬಿಡಿ."

"ಅದಕ್ಯಾಕಿಷ್ಟು ಗಾಬರಿ? ಒಪ್ಪಿಗೆ ಕೊಡೋ ತನಕ ಯಾವ ಮೇಲೂ ಯಾರಿಗೂ ಹೋಗಲ್ಲ. ಮೊದಲಾದ್ರೆ ಗುರುಪಾದನೂ ಒಪ್ಪಿಗೆ ಕೊಡ್ತಿದ್ದ, ಈಗ ನಾನೊಬ್ಬಳೇ. ಇರು, ತೆಗೆದು ಹಾಕ್ತೀನಿ."

ಅವನಿಗೆ ಹೋದ ಜೀವ ಬಂದಂತಾಯಿತು.

ಕೀಲಿ ಒತ್ತುವ ಸದ್ದು ಕೇಳಿಸಿತು.

"ಅಳಿಸಿದ್ರಾ ಅಕ್ಕಾ?"

"ಆಗ್ಲೇ ಎಲ್ಲರಿಗೂ ಹೋಗಿಬಿಟ್ಟಿದೆ."

"ನೀವು ಒಪ್ಪಿಗೆ ಕೊಟ್ರಾ?"

"ಇಲ್ಲ ಕಣೋ, ನಾನು ಈಗ್ಲೇ ಕಂಪ್ಯೂಟರ್ ತೆಗೆದಿದ್ದು."

"ಮತ್ಯಾರು ಕೊಟ್ರು?"

"ಒಪ್ಪಿಗೆ ಕೊಡೋರ ಪಟ್ಟಿಯಿಂದ ಅವನ ಹೆಸರು ತೆಗೆಯೋಕೆ ನಂಗೆ ಮನಸ್ಸೇ ಬಂದಿರ್ಲಿಲ್ಲ," ಎಂದ ವನಜಕ್ಕ, ಪರದೆಯ ಮೇಲಿದ್ದುದನ್ನು ಓದಿದಳು: "ಒಪ್ಪಿಗೆ ಕೊಟ್ಟವರು ಗುರುಪಾದ, ಎರಡು ನಿಮಿಷದ ಹಿಂದೆ."