ಸಾಲಿನ ನಡುವಿನ ಭತ್ತ

ಬೆಳಗ್ಗೆ ಏಳು ಗಂಟೆ. ಚಂದ್ರಂಪಳ್ಳಿ ಕಾಲುವೆಯ ಕೆಳಗಿನ ಹೊಲದಲ್ಲಿ ಪೀರಮ್ಮ ಎತ್ತುಗಳಿಗೆ ಅಡ್ಡವಾಗಿ ಕುಳಿತಿದ್ದಳು.

ಮಗ ದೇವಿಂದ್ರ ಈ ಸಲ ನಾಟಿ ಬಿಟ್ಟು, ತೊಗರಿಯ ಹಾಗೆ ಭತ್ತವನ್ನೂ ಕೂರಿಗೆಯಿಂದ ಸಾಲಾಗಿ ಬಿತ್ತಿದ್ದ. ಕಳೆಗೂ ತೊಗರಿ ಹೊಲದ ಉಪಾಯವೇ: ಸಾಲುಗಳ ನಡುವೆ ಎತ್ತು ಕಟ್ಟಿ ಎಡೆಕುಂಟೆ ಹೊಡೆದು ಹುಲ್ಲನ್ನು ಕಿತ್ತುಹಾಕುವುದು. ಮರುದಿನ ಕಾಲುವೆಗೆ ನೀರು ಬಿಡುವವರಿದ್ದರು. ನೆಲ ಕೆಸರಾದರೆ ಕುಂಟೆ ನಡೆಯದು, ಹುಲ್ಲು ಭತ್ತವನ್ನು ಮೀರಿ ಬೆಳೆಯುತ್ತದೆ. ಅದಕ್ಕೇ ಊರಿನ ಸರ್ದಾರನನ್ನು ಎತ್ತುಗಳ ಸಮೇತ ಬಾಡಿಗೆಗೆ ಕರೆಸಿದ್ದ.

"ದೇವಿಂದ್ರಣ್ಣಾ, ಕುಂಟಿ ಎಲ್ಲಿ ಬಿಡ್ಲಿ?" ಸರ್ದಾರ ಕೇಳಿದ. "ಸಾಲಿನ ನಡುವೂ ಭತ್ತ ಎದ್ದದಲ್ಲ!"

ದೇವಿಂದ್ರ ಬಗ್ಗಿ ನೋಡಿದ. ಹೌದು. ಭತ್ತದಂತೆಯೇ ಕಾಣುವ ಸಾವಿ ಹುಲ್ಲಿನ ಜೊತೆ ಭತ್ತವೂ ಎದ್ದಿತ್ತು.

"ನಾನೇ ಬೀಜ ಉಗ್ಗೀನಿ," ಎಂದಳು ಪೀರಮ್ಮ. "ನೀ ಚಿಂಚೋಳಿಗಿ ಹೋಗಿದ್ದಿ. ನಡುವ ನೆಲ ಬೋಳು ಬೋಳು ಕಾಣಲಿಕತ್ತಿತ್ತು. ಬೀಜ ಕಡಿಮಿ ಬಿದ್ದದ ಅಂದ್ಕೊಂಡೆ."

"ಯವ್ವಾ, ಬೋಳು ಬಿಟ್ಟದ್ದೇ ಕುಂಟಿ ಹೋಗ್ಲಿಕ್ಕ! ತೊಗರಿ ಹೊಲದಾಗ ಹಿಂಗ ಉಗ್ಗತಿದ್ದೇನು?"

"ತೊಗರಿ ಬ್ಯಾರೆ, ಭತ್ತ ಬ್ಯಾರೆ. ತಿನ್ನೋ ಅನ್ನದ ಮ್ಯಾಲ ಕುಂಟಿ ಹೊಡಸ್ತಿಯೇನೋ? ಹುಲ್ಲಷ್ಟೇ ಆರಿಸಿ ನಾ ಕೀಳ್ತೀನಿ. ಎತ್ತು ವಾಪಸ್ ಕಳಿಸು."

"ಕೀಳು, ನೋಡೋಣು," ಎಂದು ದೇವಿಂದ್ರ ಬದುವಿನ ಮೇಲೆ ಕುಳಿತ.

ಪೀರಮ್ಮ ಕೀಳತೊಡಗಿದಳು. ಎಲೆ ಬುಡದಲ್ಲಿ ತೆಳು ಪೊರೆ ಇದ್ದರೆ ಭತ್ತ, ಇಲ್ಲದಿದ್ದರೆ ಸಾವಿ. ಒಂದೊಂದು ಸಸಿಯ ಬುಡ ಬಿಡಿಸಿ ನೋಡಿದಳು. ಒಂದೂ ತಪ್ಪಲಿಲ್ಲ. ಬಿಸಿಲೇರುವ ಹೊತ್ತಿಗೆ ಒಂದು ಕಂಬಳಿ ಹಾಸುವಷ್ಟು ಜಾಗ ಸ್ವಚ್ಛವಾಗಿತ್ತು.

"ಯಮ್ಮಾ, ಸಂಕ್ರಾಂತಿಗಿ ಮುಗೀತದ ನೋಡ್ರಿ," ಎಂದ ಸರ್ದಾರ. "ಅಲ್ಲಿತನಾ ನಮ್ಮ ಎತ್ತಿಗಿ ಮೇವ ನೀವೇ ಹಾಕ್ರಿ."

ಪೀರಮ್ಮ ನಗಲಿಲ್ಲ. ಹೊಲದ ಆ ತುದಿಯವರೆಗೆ ಒಮ್ಮೆ ನೋಡಿದಳು. ಸೊಂಟ ಹಿಡಿದುಕೊಂಡು ಎದ್ದು ಪಕ್ಕಕ್ಕೆ ಸರಿದಳು.

"ಹೊಡಿ," ಎಂದಳು ಸರ್ದಾರನಿಗೆ. ಮಗನ ಕಡೆ ನೋಡಲಿಲ್ಲ.

ಕುಂಟೆ ಹೊರಟಿತು. ಹುಲ್ಲು, ಭತ್ತ ಎರಡೂ ಬೇರುಸಹಿತ ಮಗುಚಿ ಬಿದ್ದವು. ಪೀರಮ್ಮ ಮನೆಗೆ ಹೋಗಲಿಲ್ಲ. ಕುಂಟೆಯ ಹಿಂದೆ ನಡೆಯುತ್ತ ಭತ್ತದ ಸಸಿಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು. ಬೀಜ ಮೊಳೆಯದೆ ಸಾಲಿನಲ್ಲಿ ತೆರವಿದ್ದ ಕಡೆ ಅವನ್ನು ಒಂದೊಂದಾಗಿ ಊರಿದಳು.

"ಹಿಡೀತಾವೇನು?" ದೇವಿಂದ್ರ ಹತ್ತಿರ ಬಂದು ಕೇಳಿದ.

"ನಾಳಿ ನೀರ ಬಂದ್ರ ಹಿಡೀತಾವ."

ಅವನು ಅವಳ ಮಡಿಲಿನಿಂದ ಒಂದು ಹಿಡಿ ಸಸಿ ತೆಗೆದುಕೊಂಡು ಪಕ್ಕದ ಸಾಲಿನಲ್ಲಿ ಬಗ್ಗಿದ.

"ನಾಟಿ ಬ್ಯಾಡ ಅಂದಿದ್ರಿ, ದೇವಿಂದ್ರಣ್ಣಾ!" ಸರ್ದಾರ ಆ ತುದಿಯಿಂದ ಕೂಗಿದ.

ದೇವಿಂದ್ರ ಇನ್ನೊಂದು ಸಸಿ ಊರಿದ. ಮರುದಿನ ಮಧ್ಯಾಹ್ನ ನೀರು ಬಂತು. ಊರಿದ ಸಸಿಗಳಲ್ಲಿ ಅರ್ಧದಷ್ಟು ಬದುಕಿದವು.