ಜೋಗುಳದ ಕವಾಯತು

ಕ್ಯಾಪ್ಟನ್ನನ ಕುಂಡಿಗೆ ಬೀಳಬೇಕಿದ್ದ ಒದೆ ಗಾಳಿಯಲ್ಲೇ ನಿಂತಿತು.

“ನಿಲ್ಸು!” ಎಂದು ಚಿತ್ರೀಕರಣದ ನಡುವೆ ಕೂಗಿದವನು ನಿಜವಾದ ಕ್ಯಾಪ್ಟನ್, ಪೆಂಬ್ರೋಕ್. ಒದೆಸಿಕೊಳ್ಳಲು ಬಗ್ಗಿ ನಿಂತಿದ್ದವನು ಅಂಟುಮೀಸೆಯ ದಪ್ಪ ನಟ. ಕಾಲೆತ್ತಿದ್ದವನು ಪೆದ್ದ ಸಿಪಾಯಿಯ ವೇಷದ ಡೂಲನ್, ಲಾಸ್ ಏಂಜಲೀಸಿನ ಮೂಕಿಚಿತ್ರಗಳಲ್ಲಿ ಬಿದ್ದೂ ಬಿದ್ದೂ ಹೆಸರು ಮಾಡಿದವನು. ಹಿಂದೆ ಸಾಲಾಗಿ ನಿಂತಿದ್ದ ನಲವತ್ತು ಸಿಪಾಯಿಗಳದು ಮಾತ್ರ ವೇಷವಲ್ಲ. ಪೆಂಬ್ರೋಕ್‌ನ ದಂಡಿನಿಂದ ಬಂದೂಕುಗಳ ಜೊತೆಗೇ ಎರವಲು ತಂದ ಮನುಷ್ಯರು. ಸೋಮವಾರ ಅವರಿಗೆ ರೈಲು, ಆಮೇಲೆ ಹಡಗು, ಆಮೇಲೆ ಫ್ರಾನ್ಸಿನ ಕಂದಕ.

“ಆಫೀಸರನ್ನ ಒದೆಯೋ ಹಾಗಿಲ್ಲ. ನಮ್ಮ ಬಂದೂಕು ಬೇಕು ಅಂದ್ರೆ ನಮ್ಮ ಮರ್ಯಾದೇನೂ ಉಳೀಬೇಕು.”

ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಡೂಲನ್ ಒಂಟಿಕಾಲಲ್ಲಿ ಮೂರು ಸುತ್ತು ತಿರುಗಿ, ಬೇಯಿಸಿದ ಕಾಳಿನ ಕೊಪ್ಪರಿಗೆಯೊಳಗೆ ಕೂತುಬಿಟ್ಟ. ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವನು ಓರಿನ್, ಊರಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು.

“ಯಾವನ್ಲೇ ಅದು ಹಲ್ಲು ಬಿಟ್ಟಿದ್ದು? ಮುಂದೆ ಬಾ. ಬಂದೂಕು ತಲೆ ಮೇಲೆತ್ತು. ನಾನು ಇಳಿಸು ಅನ್ನೋವರೆಗೆ ಇಳಿಸೋ ಹಾಗಿಲ್ಲ.”

ಬೋಳುಗುಡ್ಡದ ಮೇಲಿನ ಬಿಸಿಲು. ಅರ್ಧ ಗಂಟೆ ಕಳೆದರೂ ‘ಇಳಿಸು’ ಎಂಬ ಮಾತು ಬರಲಿಲ್ಲ. ಓರಿನ್ನನ ತೋಳುಗಳು ಸೋತವು, ಕೊನೆಗೆ ಮುಖ ಅಡಿಯಾಗಿ ಬಿದ್ದ. ಆ ದಿನ ಅಲ್ಲಿ ಬಿದ್ದವರಲ್ಲಿ, ನೋಡಿ ಯಾರೂ ನಗದೇ ಇದ್ದದ್ದು ಅವನೊಬ್ಬನನ್ನೇ.

ಕ್ಯಾಮೆರಾ ತಿರುಗಿಸುವ ಹೆಟ್ಟಿ ಓಡಿಹೋಗಿ ಅವನ ಬಾಯಿಗೆ ನೀರು ಬಿಟ್ಟಳು. ಕಣ್ಣು ತೆರೆದವನು ಕೇಳಿದ್ದು ಒಂದೇ. “ಅಕ್ಕಾ, ಆ ಒದೆ ತೆಗೆದುಬಿಡ್ತಾರಾ? ಹಡಗು ಹತ್ತೋ ಮುಂಚೆ ಒಂದ್ಸಲ ನೋಡ್ಬೇಕು ಅಂತ ನಾವೆಲ್ಲ ಕಾದಿದ್ವಿ. ನಾವು ಒದ್ರೆ ಜೈಲು. ಸಿನಿಮಾದಲ್ಲಿ ಒದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು?”

“ಭಾನುವಾರ ನಿಮ್ಮ ಊಟದ ಶೆಡ್ಡಲ್ಲೇ ತೋರಿಸ್ತೀವಿ. ಮುಂದಿನ ಬೆಂಚಲ್ಲಿ ಕೂತ್ಕೋ,” ಎಂದಳು ಹೆಟ್ಟಿ.

ಅಷ್ಟರಲ್ಲಿ ಪೆಂಬ್ರೋಕ್ ದಪ್ಪ ನಟನನ್ನು ಆಚೆ ತಳ್ಳಿ, ಕತ್ತಿ ಕಟ್ಟಿಕೊಂಡು, ತಾನೇ ಕ್ಯಾಮೆರಾದ ಮುಂದೆ ಬಂದಿದ್ದ. “ಆಫೀಸರ್ ಪಾತ್ರ ನಾನೇ ಮಾಡ್ತೀನಿ. ನಿಜವಾದ ಕವಾಯತು ಅಂದ್ರೇನು ಅಂತ ಜನ ನೋಡ್ಲಿ.”

ಡೂಲನ್ ಚಡ್ಡಿಗಂಟಿದ ಕಾಳು ಕೀಳುತ್ತಾ ಪಿಸುಗುಟ್ಟಿದ. “ಹೋಯ್ತಲ್ಲೇ ಹೆಟ್ಟಿ, ನಮ್ಮ ಒದೆ.”

“ನಿನ್ನ ಕಾಲು ಹೋಯ್ತು. ನನ್ನ ಕೈ ಇದೆಯಲ್ಲ.”

ಕ್ಯಾಮೆರಾದ ಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಬೇಕು. ಆ ಕಸುಬಿನವರು ಎಣಿಸುವುದಿಲ್ಲ, ಗುನುಗುತ್ತಾರೆ. ಹಾಡಿನ ಲಯವೇ ಕೈಯ ಲಯ. ಹೆಟ್ಟಿಯದು ದಿನವೂ ಒಂದೇ ಹಾಡು, ಕವಾಯತಿನದು. ಹಾಡು ನಿಧಾನವಾದರೆ ಕೈ ನಿಧಾನ. ಇಲ್ಲಿ ಕೈ ನಿಧಾನವಾದಷ್ಟೂ ಸುರುಳಿಗೆ ಇಳಿಯುವ ಚಿತ್ರಗಳು ಕಡಿಮೆ, ಅವನ್ನೇ ಮಾಮೂಲಿ ವೇಗದಲ್ಲಿ ತಿರುಗಿಸಿದರೆ ಅಲ್ಲಿ ಪರದೆಯ ಮೇಲೆ ಮನುಷ್ಯ ಓಡತೊಡಗುತ್ತಾನೆ. ಡೂಲನ್ ಹೆಸರು ಮಾಡಿದ್ದರಲ್ಲಿ ಅರ್ಧ ಪಾಲು ಈ ಗುಟ್ಟಿನದು. ಪೆಂಬ್ರೋಕ್‌ಗೆ ಇದು ಗೊತ್ತಿರಲಿಲ್ಲ. ಹಿಡಿ ಯಾರ ಕೈಯಲ್ಲಿದೆ ಎಂದು ನೋಡುವ ಅಭ್ಯಾಸ ಅವನಂಥವರಿಗೆ ಇರುವುದೂ ಇಲ್ಲ.

ಅವನು ಎದೆಯುಬ್ಬಿಸಿ ನಡೆದ, ತಿರುಗಿದ, ಬಾವುಟಕ್ಕೆ ಸಲಾಮು ಹೊಡೆದ. ಹೆಟ್ಟಿ ಗುನುಗಿದಳು.

“ಇಂಪಾಗಿದೆ ಕಣಮ್ಮ. ಏನು ಹಾಡದು?”

“ಜೋಗುಳ ಸಾರ್. ನಮ್ಮಮ್ಮ ತೊಟ್ಟಿಲು ತೂಗ್ತಾ ಹೇಳ್ತಿದ್ದದ್ದು.”

“ದಂಡಿನ ಹಾಡು ಬರಲ್ವೇನು ನಿಂಗೆ?”

“ಬರುತ್ತೆ ಸಾರ್. ನಿಮ್ಮ ನಡಿಗೆಗೆ ಇದೇ ಸರಿ.”

ಭಾನುವಾರ ಮಧ್ಯಾಹ್ನ ಶೆಡ್ಡಿನ ಕಿಟಕಿಗಳಿಗೆ ಕಂಬಳಿ ಹೊದಿಸಿದರು. ಗೋಡೆಗೆ ಹಾಸಿಗೆಯ ಬಟ್ಟೆ ಕಟ್ಟಿದರು. ಹಿಂದಿನಿಂದ ಚಿತ್ರ ತೋರಿಸುವ ಯಂತ್ರ ತಿರುಗಿಸಲು ಹೆಟ್ಟಿಯೇ ನಿಂತಳು. ಬಟ್ಟೆಯ ಪಕ್ಕದಲ್ಲಿ ಪೆಂಬ್ರೋಕ್, ಕೈ ಹಿಂದೆ ಕಟ್ಟಿಕೊಂಡು.

ಬೆಳಕು ಬಿತ್ತು. ಕೆಂಡ ತುಳಿದ ಕೋಳಿಯಂತೆ ಪೆಂಬ್ರೋಕ್ ಬಟ್ಟೆಯ ಮೇಲೆ ಓಡಿ ಬಂದ. ಗಕ್ಕನೆ ನಿಂತ. ಬುಗುರಿಯಂತೆ ತಿರುಗಿದ. ಸೊಳ್ಳೆ ಹೊಡೆದುಕೊಳ್ಳುವವನಂತೆ ಹಣೆಗೆ ಪಟ್ ಪಟ್ ಎಂದು ಸಲಾಮು ಬಡಿದುಕೊಂಡ. ಕತ್ತಿ ಕಾಲಿಗೆ ತೊಡರಿತು, ಬಿಡಿಸಿಕೊಂಡು ಮತ್ತೆ ಓಡಿದ. ಯಾರೂ ಒದ್ದಿರಲಿಲ್ಲ. ಆದರೂ ಈಗತಾನೆ ಒದೆಸಿಕೊಂಡವನ ಓಟವೇ ಅದು.

ನಲವತ್ತು ಜನ ತುಟಿ ಕಚ್ಚಿಕೊಂಡಿದ್ದರು.

“ನಿಲ್ಸೇ ಅದನ್ನ! ನಕ್ಕೋನು ಕೈಯೆತ್ತಿ ಬಿಸಿಲಲ್ಲಿ ನಿಲ್ತಾನೆ, ಹುಷಾರ್!”

ಮುಂದಿನ ಬೆಂಚಿನಿಂದ ಓರಿನ್ ಎದ್ದ. ಮೊನ್ನೆ ಬಂದೂಕು ಎತ್ತಿ ಹಿಡಿದ ತೋಳು ಇನ್ನೂ ಸೆಟೆದಿತ್ತು. ಹಲ್ಲು ಕಚ್ಚಿ ಎರಡೂ ಕೈ ತಲೆಯ ಮೇಲೆತ್ತಿದ. “ಎತ್ತಿದೀನಿ ಸಾರ್. ಇನ್ನು ನಗಬಹುದಾ?” ಎಂದ. ಉತ್ತರಕ್ಕೆ ಕಾಯದೆ, ಹೊಟ್ಟೆಯೊಳಗಿಂದ, ಇಡೀ ಶೆಡ್ಡಿನ ತಗಡು ಗುಂಯ್‌ಗುಡುವಂತೆ ನಕ್ಕ. ಪಕ್ಕದವನೂ ಎದ್ದು ಕೈಯೆತ್ತಿ ನಕ್ಕ. ಅದರ ಹಿಂದಿನ ಬೆಂಚು. ಅದರ ಹಿಂದಿನದು.

“ಏನು ಮಾಡಿದ್ದೀಯೇ ನೀನು?” ಪೆಂಬ್ರೋಕ್ ಯಂತ್ರದ ಕಡೆ ನುಗ್ಗಿದ. “ಇವತ್ತಿಗೆ ನಿನ್ನ ಕೆಲಸ ಮುಗೀತು!”

“ನಿಮ್ಮನ್ನ ಯಾರೂ ಮುಟ್ಟಿಲ್ಲ ಸಾರ್. ಅಲ್ಲಿರೋದೆಲ್ಲ ನೀವೇ ಮಾಡಿದ್ದು.”

ಹೆಟ್ಟಿ ಹಿಡಿ ಬಿಡಲಿಲ್ಲ. ಈಗ ಅವಳು ಗುನುಗುತ್ತಿದ್ದುದು ಕವಾಯತಿನ ಹಾಡು. ಬೆಂಚುಗಳ ನಡುವೆ ದಾರಿಯಿಲ್ಲದಷ್ಟು ಜನ ಎದ್ದು ನಿಂತಿದ್ದರು. ಎತ್ತಿದ ಎಂಬತ್ತು ಕೈಗಳ ನೆರಳು ಬಟ್ಟೆಯ ಮೇಲೆ ಕಾಡಿನಂತೆ ಬೆಳೆದಿತ್ತು. ಆ ಕಾಡಿನೊಳಗೆ ಗೇಣುದ್ದದ ಒಬ್ಬ ಕ್ಯಾಪ್ಟನ್, ಸಲಾಮು ಹೊಡೆಯುತ್ತಾ ಹೊಡೆಯುತ್ತಾ, ದಾರಿ ಹುಡುಕುತ್ತಾ ಓಡುತ್ತಿದ್ದ.