ಎದೆಗಿಳಿದ ಔಷಧ

"ಈ ನರ್ಸನ್ನ ಇವತ್ತ ಕೆಲಸದಿಂದ ತಗದ ಮನಿಗಿ ಕಳಸ್ರಿ. ಅಲ್ಲೀತನಕ ನಾ ಇಲ್ಲಿಂದ ಕದಲೂದಿಲ್ಲ."

ತುಳಸೀಬಾಯಿ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂತಿರಲಿಲ್ಲ. ಆಸ್ಪತ್ರೆಯ ನೀರನ್ನೂ ಮುಟ್ಟಿರಲಿಲ್ಲ. ಮನೆಯಿಂದ ತಂದ ಚೀಲವನ್ನು ಕಂಕುಳಲ್ಲಿ ಅವಚಿಕೊಂಡು ನಿಂತಿದ್ದಳು.

ನಾಲ್ಕು ದಿನದಿಂದ ಮುದ್ದೇಬಿಹಾಳದ ಆ ಸಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದ್ದಳು: ನರ್ಸ್ ನಿಷತ ನನ್ನ ಮೊಮ್ಮಗಳ ಎದೆ ಸುಟ್ಟಳು. ರೋಗಿಗಳು ಹಿಂದಿರುಗತೊಡಗಿದ್ದರು. ನಿಷತಳನ್ನು ಕೆಲಸದಿಂದ ತೆಗೆಯುವ ಪತ್ರ ಡಾಕ್ಟರ್ ಯುವರಾಜರ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ.

ಎಂಟು ವರ್ಷದ ಮಂಜರಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ. ಅದನ್ನು ತೆಳುಮಾಡುವ ಕಿಣ್ವದ ಔಷಧವನ್ನು ನೆಬ್ಯುಲೈಜರ್‌ಗೆ ಹಾಕಿ ಉಸಿರಲ್ಲಿ ಎಳೆದುಕೊಳ್ಳಬೇಕು. ಮೊದಲ ವಾರ ಆಸ್ಪತ್ರೆಯಲ್ಲಿ ನಿಷತಳೇ ಕೊಟ್ಟಳು. ದನಿ ಸ್ವಲ್ಪ ಒಡೆಯಿತು, ಅಷ್ಟೆ. ಆಮೇಲೆ ಔಷಧದ ಕುಪ್ಪಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ತಾಳಿಕೋಟೆಯ ಮನೆಗೆ ತಾನೇ ಮುಟ್ಟಿಸಿ, ಹಾಕುವ ಬಗೆಯನ್ನು ಅಜ್ಜಿಗೆ ಕಲಿಸಿ ಬಂದಳು. ಮೂರನೇ ದಿನ ಮಗು ಎದೆ ಹಿಡಿದುಕೊಂಡಿತು. ಐದನೇ ದಿನ ಕಫದಲ್ಲಿ ರಕ್ತ; ಮತ್ತೆ ಆಸ್ಪತ್ರೆಗೆ ತಂದರು.

"ಈ ಔಷಧಕ್ಕ ಅಪರೂಪಕ್ಕ ಹಂಗ ಆಗತೈತ್ರಿ," ಎಂದರು ಡಾಕ್ಟರ್. "ಎದಿನೋವು, ರಕ್ತ. ಮೊದಲ ಹೇಳಿದ್ವಿ."

"ಹಂಗಿದ್ರ ಇಲ್ಲಿ ಯಾಕ ಆಗಲಿಲ್ಲ? ಛಲೋ ಕುಪ್ಪಿ ಇಲ್ಲಿ, ಕೆಟ್ಟಿದ್ದು ನಮಗ! ಮನಿಗಿ ಬಂದಾಗ ಈಕಿನ್ನ ಹೊಸ್ತಿಲದಾಚೆ ನಿಲ್ಲಿಸಿದ್ನಲ್ಲಾ, ಆ ಸೇಡು ಕೂಸಿನ ಮ್ಯಾಲ ತೀರಿಸ್ಯಾಳ."

ನಿಷತ ಮನೆಯಿಂದ ವಾಪಸು ಬಂದ ನೆಬ್ಯುಲೈಜರ್ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಳು; ಔಷಧದ್ದಲ್ಲದ ವಾಸನೆ.

ಕೋಣೆಯ ಮೂಲೆಯ ಮಂಚದಿಂದ ಮಂಜರಿಯ ಒಡಕು ದನಿ: "ಅಜ್ಜಿ, ನಿಷತಕ್ಕ ಹಾಕಿದಾಗ ಉರೀತಿರಲಿಲ್ಲ."

"ಕೇಳಿದ್ರ್ಯಾ? ಇಲ್ಲೀದು ಛಲೋ, ನಮಗ ಕೊಟ್ಟಿದ್ದು ಕೆಟ್ಟಿದ್ದು ಅಂತ ಕೂಸ ಹೇಳಾಕತ್ತದ!"

ಡಾಕ್ಟರ್ ಪೆನ್ನು ತೆಗೆದರು.

"ಒಂದ ನಿಮಿಷ ಸರ್," ಎಂದಳು ನಿಷತ. "ಬಾಯಾರ, ಮನ್ಯಾಗ ಔಷಧ ಹೆಂಗ ಹಾಕ್ತಿದ್ರಿ, ಎಲ್ಲಾರ ಮುಂದ ತೋರಿಸ್ರಿ. ನಾ ಕಲಿಸಿದ್ದು ತಪ್ಪಿದ್ರ ಸಹಿ ಬ್ಯಾಡ, ನಾನ ಹೋಗ್ತೇನಿ."

ಫ್ರಿಜ್‌ನಿಂದ ಹೊಸ ಕುಪ್ಪಿ ತಂದಳು. ಟ್ರೇ ಪಕ್ಕದಲ್ಲೇ ಇತ್ತು. ಅದರಲ್ಲಿಡದೆ ಬರಿಯ ಅಂಗೈಯಲ್ಲಿ ಹಿಡಿದು ಚಾಚಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿತ್ತು.

"ತೋರಸ್ತೇನಿ. ಒಂದ ದಿನಾನೂ ತಪ್ಪಿಲ್ಲ, ನಾ ಹೊರತು ಯಾರೂ ಮುಟ್ಟಿಲ್ಲ."

ತುಳಸೀಬಾಯಿ ಸೆರಗಿನ ತುದಿಯಿಂದ ಕುಪ್ಪಿಯನ್ನು ಎತ್ತಿಕೊಂಡಳು. ತುದಿ ತಿರುಚಿದಳು. ಕೊನೆಯ ಹನಿಯವರೆಗೂ ಬಟ್ಟಲಿಗೆ ಸುರಿದಳು. ಎಲ್ಲ ನಿಷತ ಕಲಿಸಿದಂತೆಯೇ.

ಆಮೇಲೆ ಚೀಲದಿಂದ ದೇವರ ಬೆಳ್ಳಿ ಗಿಂಡಿ ತೆಗೆದು, "ನೀ ಮುಟ್ಟಿದ್ದು, ಮಡಿ ಮಾಡಬ್ಯಾಡೇನು?" ಎನ್ನುತ್ತ ದಿನದಂತೆ ಮೂರು ಚಮಚ ತೀರ್ಥ ಬಟ್ಟಲಿನ ಔಷಧಕ್ಕೆ ಬೆರೆಸಿದಳು; ಕೋಣೆಯ ತುಂಬ ಪಚ್ಚಕರ್ಪೂರದ ವಾಸನೆ ಹರಡಿತು.